ಸೋಪಿನಲ್ಲಿ ಕೆತ್ತಿದ ಹೊಯ್ಸಳರ ಪಾಠ

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಪ್ರೌಢಶಾಲೆಯಲ್ಲಿ ಸಿಹಿ ಹಂಚಿದ್ದೆವು. ಆದರೆ ಹೊಯ್ಸಳರ ಪಾಠದ ದಿನ ಅದೇ ಮಕ್ಕಳು ದೊರೆ ವಿಷ್ಣುವರ್ಧನ, ಬೇಲೂರು ದೇಗುಲದ ವರ್ಷ 1117, ಬಿರುದು ತಲಕಾಡುಗೊಂಡ ಎಂದು ಬಾಯಿಪಾಠ ಒಪ್ಪಿಸಿ ಕುಳಿತುಬಿಟ್ಟರು. ಶಿಲ್ಪಗಳನ್ನು ಕೆತ್ತಿದವರು ಯಾರು ಎಂದು ಕೇಳಿದೆ. ‘ಜಕಣಾಚಾರಿ’ ಎಂದರು, ಅಷ್ಟೇ. ಅವನು ಕೆತ್ತಿದನೆನ್ನುವ ಕಪ್ಪೆ ಚೆನ್ನಿಗರಾಯನ ದಂತಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವಳು ನಾನು, ಅದು ನನಗೂ ಪ್ರಿಯವೇ. ಆದರೆ ಬೇಲೂರಿನ ಕಲ್ಲಿನ ಮೇಲೆ ಕಾಣುವ ಹೆಸರುಗಳು ಬೇರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಕೆಲವೆಡೆ ಬರೀ ‘ಮಲ್ಲಿ’, ಇನ್ನು ಕೆಲವೆಡೆ ಒಂದೇ ಅಕ್ಷರ, ‘ಮ’.

ಮರುದಿನ ಬಟ್ಟೆ ತೊಳೆಯುವ ಸೋಪಿನ ಬಿಲ್ಲೆಗಳನ್ನು ತಂದೆ. ಹೊಯ್ಸಳರು ಬಳಸಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆ ಮೃದುತ್ವಕ್ಕೆ ನಮ್ಮ ಕೈಗೆಟಕುವ ಬದಲಿ ಸೋಪು. ಮೊಳೆ, ಹಳೆಯ ಕೈವಾರ ಹಿಡಿದು ಎಲ್ಲರೂ ಆನೆ ಕೆತ್ತಲು ಕುಳಿತರು. ಸ್ವಲ್ಪ ಹೊತ್ತಿನಲ್ಲೇ ಅರ್ಧಕ್ಕರ್ಧ ಆನೆಗಳ ಸೊಂಡಿಲು ಮುರಿದವು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಸೊಂಡಿಲನ್ನು ಹಿನ್ನೆಲೆಯಿಂದ ಬೇರ್ಪಡಿಸದೆ, ಅದಕ್ಕೇ ಅಂಟಿದಂತೆ ಉಳಿಸಿಕೊಂಡಿದ್ದಳು. ಹಳೇಬೀಡಿನ ಗಜಪಟ್ಟಿಕೆಯ, ಅಂದರೆ ಗೋಡೆಯ ಬುಡದ ಆನೆಸಾಲಿನ, ಚಿತ್ರ ತೋರಿಸಿದಾಗ, ‘ಅವರೂ ಹಾಗೇ ಮಾಡಿದ್ದಾರೆ, ಮಿಸ್’ ಎಂದಳು. ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆಮೇಲೆ ಎಲ್ಲರೂ ತಮ್ಮ ಆನೆಯ ಅಡಿಯಲ್ಲಿ ಹೆಸರಿನ ಮೊದಲ ಅಕ್ಷರ ಕೊರೆದರು. ಮುಂದಿನ ತಿಂಗಳು ಬೇಲೂರಿಗೆ ಹೋದಾಗ ಇದೇ ಮಕ್ಕಳು ಕತ್ತೆತ್ತಿ ಮದನಿಕೆಯರ (ಶಿಲಾಬಾಲಿಕೆಯರ) ಪೀಠದಲ್ಲಿ ಅಕ್ಷರ ಹುಡುಕುತ್ತಿದ್ದರು.

ಇನ್ನೊಂದು ದಿನ ಮೈದಾನದಲ್ಲಿ ಗೂಟ ನೆಟ್ಟು, ಹಗ್ಗ ಹಿಡಿದು, ಒಂದೇ ಕೇಂದ್ರದ ಸುತ್ತ ನಾಲ್ಕು ಚೌಕಗಳನ್ನು 22.5 ಡಿಗ್ರಿಯಂತೆ ತಿರುಗಿಸುತ್ತ ಸುಣ್ಣದ ಗೆರೆ ಎಳೆದೆವು. 16 ಮೂಲೆಗಳ ನಕ್ಷತ್ರ ಮೂಡಿತು, ಸೋಮನಾಥಪುರದ ಗರ್ಭಗುಡಿಗಳ ಹೊರ ವಿನ್ಯಾಸದಂತೆ. ಗಣಿತದ ಮೇಷ್ಟರೂ ತರಗತಿ ಬಿಟ್ಟು ಬಂದು ಹಗ್ಗ ಹಿಡಿದರು.

ಇಷ್ಟಾದ ಮೇಲೆ ತಪಾಸಣೆಗೆ ಬಂದವರೊಬ್ಬರು ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ನಡೆಸುವ ಮೌಲ್ಯಮಾಪನದ) ಚಟುವಟಿಕೆಯ ದಾಖಲೆ ಕೇಳಿದರು. ಸೋಪಿನ ಆನೆಗಳನ್ನು ಮುಂದಿಟ್ಟೆ. ‘ಇದು ಕಡತಕ್ಕೆ ಸೇರುವುದಿಲ್ಲ, ಒಂದು ಚಾರ್ಟ್ ಮಾಡಿಸಿ’ ಎಂದರು. ಅಂಗಡಿಯಿಂದ ತಂದ ಚಿತ್ರಪಟವನ್ನು ಕತ್ತರಿಸಿ ಅಂಟಿಸುವುದಕ್ಕೆ ಅಂಕ, ಕೈಯಾರೆ ಕೆತ್ತಿ ಅರಿತದ್ದಕ್ಕೆ ಅಂಕವಿಲ್ಲ ಎಂದರೆ ಮಕ್ಕಳಿಗೆ ಏನು ಹೇಳಲಿ? ನನಗೆ ಅಂದು ನಿಜಕ್ಕೂ ನೋವಾಯಿತು.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಇಂಥ ಪಾಠಗಳಿಗೆ ಎರಡು ಅವಧಿಗಳನ್ನು ಒಟ್ಟಿಗೆ ಕೊಡಲಿ. 40 ನಿಮಿಷದಲ್ಲಿ ಸೋಪು ಹಂಚಿ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮಕ್ಕಳು ಮಾಡಿದ ವಸ್ತುವಿನ ಛಾಯಾಚಿತ್ರ ಮತ್ತು ಅದರ ಬಗ್ಗೆ ಅವರೇ ಬರೆದ ಒಂದು ಪುಟವನ್ನು ದಾಖಲೆಯೆಂದು ಒಪ್ಪಲಿ. ಸೋಮನಾಥಪುರವನ್ನೂ ಮಕ್ಕಳಿಗೆ ತೋರಿಸುವ ಆಸೆಯಿದೆ, ಬಸ್ಸಿನ ಬಾಡಿಗೆ ಹೊಂದಿಸಲು ಇನ್ನೂ ಸಾಧ್ಯವಾಗಿಲ್ಲ.

– ಸಮಾಜ ವಿಜ್ಞಾನ ಶಿಕ್ಷಕಿ, ಅರಸೀಕೆರೆ ತಾಲ್ಲೂಕು