ದೋಸ್ತನಿಗೊಂದು ಪತ್ರ: ಕೀಡಿ ಯಾಕ ಸಾಯವಲ್ದು?

ದೋಸ್ತ,

ಮೊನ್ನೆ ಫೋನಿನ್ಯಾಗ ಸಿಟ್ಟಿಲೆ ಅಂದಿ, "ತೊಗರಿಗೆ ಮೂರು ಸಲ ಕೀಡಿ ಕೊಲ್ಲೋ ಎಣ್ಣಿ ಹೊಡದೀನಿ, ಕೀಡಿ ಸಾಯವಲ್ದು. ಅಂಗಡಿಯಾಂವ ನೀರು ಕೂಡಿಸಿ ಮಾರ್ಯಾನ" ಅಂತ. ಮಾರಿರಬಹುದು. ಆದ್ರ ಶುದ್ಧ ಎಣ್ಣಿ ಮೈಮ್ಯಾಲೆ ಬಿದ್ರೂ ಬದುಕೋ ಕೀಡಿ ಇರ್ತಾವ.

"ಕೀಡಿಗೆ ಎಣ್ಣಿ ರೂಢಿ ಆಗ್ಯಾದ" ಅಂತ ಊರಾಗ ಅಂತಾರಲ್ಲ, ಅದು ಖರೆ ಅಲ್ಲ. ಕುಡುಕನಿಗೆ ಸೆರೆ ರೂಢಿ ಆದಂಗ ಅಲ್ಲ ಇದು. ನೀ ಪಂಪು ಹೆಗಲಿಗೆ ಏರಿಸೋದಕ್ಕಿಂತ ಮೊದಲೇ, ಹೊಲದಾಗಿನ ಅಷ್ಟು ಕೀಡಿಯೊಳಗ ಒಂದೋ ಎರಡೋ ಹುಟ್ಟತಲೇ ಬ್ಯಾರೆ ಇರ್ತಾವ. ಹೊಡದಾಗ ಬಾಕಿದ್ದೆಲ್ಲ ಸಾಯ್ತಾವ, ಅವು ಉಳೀತಾವ. ಒಂದೊಂದು ಹೆಣ್ಣು ಪತಂಗ ನೂರಾರು ತತ್ತಿ ಇಡ್ತದ, ಸುಮಾರು ತಿಂಗಳಿಗೊಂದು ಹೊಸ ಸಂತಾನ. ಜೋಳದಾಗ ಚಲೋ ತೆನಿ ಆರಿಸಿ ಬೀಜಕ್ಕ ಇಡ್ತೀವಲ್ಲ, ಹಂಗ ಗಟ್ಟಿ ಕೀಡಿ ಆರಿಸಿ ಬೀಜಕ್ಕ ಬಿಟ್ಟವರು ನಾವೇ.

ಸೈಪರ್‌ಮೆಥ್ರಿನ್, ಫೆನ್ವಲರೇಟ್ ಅನ್ನೋ ಒಂದೇ ಜಾತಿ ಎಣ್ಣಿ ಕೀಡಿಯ ನರದೊಳಗ ಸೋಡಿಯಂ ಹಾಯೋ ಬಾಗಲಾ ಮುಚ್ಚದಂಗ ಹಿಡೀತಾವ. ಕೀಡಿ ನಡುಗಿ ನಡುಗಿ ಸಾಯ್ತದ. ಕೆಲವು ಹುಳದಾಗ ಆ ಬಾಗಲಾ ಕಟ್ಟೋ ಜೀನಿನ ಒಂದಕ್ಷರ ತಿದ್ದಿರ್ತದ, ಎಣ್ಣಿಗೆ ಅಲ್ಲಿ ಹಿಡಿತ ಸಿಗಂಗಿಲ್ಲ. ತೊಗರಿ ಕಾಯಿ ತಿನ್ನೋ ನಮ್ಮ ಈ ಕೀಡಿ, ಅಂದ್ರ ಕಾಯಿಕೊರಕಕ್ಕ, ಇನ್ನೊಂದು ಹಾದಿ ಅದ, ಮೈಯಾಗೇ ವಿಷ ಮುರಿಯೋ ಕಿಣ್ವ. ಆಸ್ಟ್ರೇಲಿಯಾದ ಕೀಡಿಯೊಳಗ ವಿಜ್ಞಾನಿಗಳು ಒಂದು ಮಜಾ ಕಂಡ್ರು, 2012ರಾಗ ಅದು ಅಚ್ಚಾತು. ಬಾಜೂಕ ಬಾಜೂ ಇದ್ದ ಎರಡು ಜೀನಿನ ತುಂಡು ಕೂಡಿ ಇಂಥ ಕಿಣ್ವ ಕಟ್ಟೋ ಸಿವೈಪಿ337ಬಿ3 ಅನ್ನೋ ಹೊಸಾ ಜೀನು ಹುಟ್ಟಿತ್ತು. ಫೆನ್ವಲರೇಟ್ ಮುರಿಯೋದು ಆ ಎರಡಕ್ಕೂ ಆಗದ ಕೆಲಸ, ಈ ಕೂಸಿಗೆ ಆಗ್ತದ!

ನಮ್ಮ ಮಗ್ಗಲದ ಆಂಧ್ರದಾಗ ಹತ್ತಿ ಹೊಲದಾಗ ಈ ಜಾತಿ ಎಣ್ಣಿ ಸೋತಿದ್ದು 1987ರಷ್ಟು ಹಿಂದೆ. ನಾವು ಇನ್ನೂ ಅದನ್ನೇ ಹೊಡಿಯಾಕತ್ತೀವಿ.

ಡಬ್ಬಿ ಹೆಸರು ಬ್ಯಾರೆ ಆದ್ರ ಎಣ್ಣಿ ಬ್ಯಾರೆ ಆಗಂಗಿಲ್ಲ ಮತ್ತ. ಸೈಪರ್‌ಮೆಥ್ರಿನ್ ಬಿಟ್ಟು ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ತಂದ್ರ ಎರಡೂ ಒಂದೇ ಮನಿತನ. ಇಮಾಮೆಕ್ಟಿನ್ ಮನಿತನ ಬ್ಯಾರೆ, ಕ್ಲೋರಾಂಟ್ರಾನಿಲಿಪ್ರೋಲ್ ಇನ್ನೂ ಬ್ಯಾರೆ, ಅದು ನರ ಬಿಟ್ಟು ಸ್ನಾಯು ಹಿಡೀತದ. ಅದನ್ನೂ ಸಾಲಾಗಿ ಮೂರು ಸಲ ಹೊಡದ್ರ ಅದರದೂ ಇದೇ ಗತಿ. ಹೊಡಿಯೋದಿದ್ರ ಕೀಡಿ ಸಣ್ಣದಿದ್ದಾಗ ಹೊಡಿ, ಬಲತ ಮ್ಯಾಲೆ ಅಲ್ಲ.

ನಿಮ್ಮ ಅವ್ವಾರು ತೊಗರಿ ಗಿಡ ಬಗ್ಗಿಸಿ ಅಲ್ಲಾಡಿಸಿ, ಹಾಸಿದ ಚೀಲದ ಮ್ಯಾಲೆ ಕೀಡಿ ಉದುರಿಸ್ತಿದ್ರು, ನೆನಪದ? ನಾವಿಬ್ರೂ ನಗ್ತಿದ್ವಿ. ಆ ಚೀಲಕ್ಕ ಬಿದ್ದ ಕೀಡಿಗೆ ಯಾವ ಜೀನೂ ಆಸರಾಗಲಿಲ್ಲ ನೋಡು.

ಮೂರೂ ಡಬ್ಬಿ ಇನ್ನೂ ಒಗದಿಲ್ಲಂದ್ರ ಲೇಬಲ್ಲಿನ ಫೋಟೋ ಕಳಿಸು. ಮೂರೂ ಒಂದೇ ಮನಿತನದ್ದೇ ಇರ್ಬೇಕು ಅಂತ ನನ್ನ ಸಂಶಯ.

ನಿನ್ನ ದೋಸ್ತ,
ಕಲಬುರಗಿಯಿಂದ