ಐಸ್ ಡ್ಯಾನ್ಸ್‌ಗೂ ಆಟದ ಪುಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಐಸ್ ಡ್ಯಾನ್ಸ್ ಸ್ಪರ್ಧೆಯಲ್ಲಿ, ಅಂದರೆ ಸ್ಕೇಟ್ ಕಟ್ಟಿಕೊಂಡು ಜೋಡಿಯಾಗಿ ಐಸ್ ಮೇಲೆ ಕುಣಿಯುವ ಆಟದಲ್ಲಿ, ಹಿಂದಿ ಸಿನಿಮಾ ಹಾಡುಗಳಿಗೆ ಕುಣಿದ ವಿಡಿಯೊವನ್ನು ನಮ್ಮಲ್ಲಿ ತುಂಬಾ ಜನ ನೋಡಿದ್ದಾರೆ. ನೋಡಿ ಖುಷಿಪಟ್ಟಿದ್ದಾರೆ. ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಜೋಡಿ ಆಮೇಲೆ ಏನಾಯಿತು ಅಂತ ಕೇಳಿದರೆ ಗೊತ್ತಿರುವವರು ಕಡಿಮೆ. 'ಡ್ಯಾನ್ಸ್ ತಾನೇ, ಇದೂ ಒಂದು ಸ್ಪರ್ಧೆಯಾ?' ಎನ್ನುವವರೂ ಇದ್ದಾರೆ. ಅದಕ್ಕೇ ಈ ಪತ್ರ.

ಇಬ್ಬರೂ ಅಮೆರಿಕದ ಮಿಷಿಗನ್ ರಾಜ್ಯದವರು. 1997ರಲ್ಲಿ ಜೊತೆಯಾದಾಗ ಇನ್ನೂ ಪುಟ್ಟ ಮಕ್ಕಳು. ಆಮೇಲೆ 17 ವರ್ಷ ಒಬ್ಬರೂ ಜೊತೆಗಾರರನ್ನು ಬದಲಾಯಿಸಲಿಲ್ಲ. ಈ ಆಟದಲ್ಲಿ ಅದು ಸಣ್ಣ ಮಾತಲ್ಲ. ಜೋಡಿ ಮುರಿದರೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು.

ಟ್ವಿಜಲ್ ಎಂಬ ವರಸೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಒಂದೇ ಕಾಲ ಮೇಲೆ ಜಾರುತ್ತಾ, ನಿಲ್ಲದೆ ಗಿರಗಿರ ತಿರುಗಬೇಕು. ಇಬ್ಬರೂ ಪಕ್ಕಪಕ್ಕದಲ್ಲಿ, ಒಂದೇ ವೇಗದಲ್ಲಿ, ಕೈ ಹಿಡಿಯದೆ. ಒಬ್ಬರು ಅರೆಕ್ಷಣ ತಡವಾದರೂ ಎದ್ದು ಕಾಣುತ್ತದೆ, ಅಂಕ ಹೋಗುತ್ತದೆ. ಐಸ್ ಡ್ಯಾನ್ಸ್‌ನಲ್ಲಿ ಸಂಗಾತಿಯನ್ನು ಗಾಳಿಗೆ ಎಸೆಯುವ ಸಾಹಸ ಇಲ್ಲ. ಎಲ್ಲವೂ ಕಾಲಿನ ಕೆಲಸ, ತಾಳ, ಹೊಂದಾಣಿಕೆ.

ಆ ಭಾರತೀಯ ಕುಣಿತವೂ ಸುಮ್ನೆ ಮಾಡಿದ್ದಲ್ಲ. ಮಿಷಿಗನ್‌ನಲ್ಲೇ ಇದ್ದ ಭಾರತೀಯ ನೃತ್ಯ ಶಿಕ್ಷಕಿಯ ಬಳಿ ಹೋಗಿ ಕೈ, ಕಣ್ಣು, ಕತ್ತಿನ ಚಲನೆ ಕಲಿತರು. ಅದೇ ವರ್ಷ ರಷ್ಯಾದ ಡೊಮ್ನಿನಾ-ಶಬಾಲಿನ್ ಜೋಡಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಣಿತ ಅಂತ ಮೈಮೇಲೆ ಬಣ್ಣದ ಗೆರೆ, ಸೊಂಟಕ್ಕೆ ಎಲೆ ಹಾಕಿಕೊಂಡು ಬಂದಿತ್ತು. ಅಲ್ಲಿನ ಮೂಲನಿವಾಸಿ ಮುಖಂಡರು ನೊಂದುಕೊಂಡರು. ಕಲಿತು ಮಾಡುವುದಕ್ಕೂ ವೇಷ ಹಾಕುವುದಕ್ಕೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ? ಮೊದಲ ಸುತ್ತಿನಲ್ಲಿ ಮೂರನೇ ಸ್ಥಾನದಲ್ಲಿದ್ದ ಮೆರಿಲ್-ಚಾರ್ಲಿ ತಮ್ಮ ಭಾರತೀಯ ಕುಣಿತದಿಂದ ಎರಡಕ್ಕೇರಿದರು. ಬೆಳ್ಳಿ ಸಿಕ್ಕಿತು.

ಚಿನ್ನ ಗೆದ್ದವರು ಕೆನಡಾದ ಟೆಸ್ಸಾ ವರ್ಚು-ಸ್ಕಾಟ್ ಮಾಯರ್. ನನಗೆ ತುಂಬಾ ಇಷ್ಟವಾದ ವಿಷಯ ಇದೇ: ಎರಡೂ ಜೋಡಿಗಳು ಮಿಷಿಗನ್‌ನ ಕ್ಯಾಂಟನ್ ಊರಿನ ಒಂದೇ ರಿಂಕ್‌ನಲ್ಲಿ (ಐಸ್ ಅಂಗಳದಲ್ಲಿ), ಒಂದೇ ತರಬೇತುದಾರರ ಹತ್ತಿರ ಅಭ್ಯಾಸ ಮಾಡುತ್ತಿದ್ದವು. ದಿನಾ ಬೆಳಗಾದರೆ ತಮ್ಮನ್ನು ಸೋಲಿಸಿದವರ ಎದುರೇ ಸ್ಕೇಟ್ ಕಟ್ಟಬೇಕು! 2011ರಲ್ಲಿ ಮಾಸ್ಕೊದಲ್ಲಿ ಮೆರಿಲ್-ಚಾರ್ಲಿ ವಿಶ್ವ ಚಾಂಪಿಯನ್ ಆದರು. ಐಸ್ ಡ್ಯಾನ್ಸ್‌ನಲ್ಲಿ ಅಮೆರಿಕಕ್ಕೆ ಅದೇ ಮೊದಲ ವಿಶ್ವ ಪ್ರಶಸ್ತಿ. 2012ರಲ್ಲಿ ಕೆನಡಾ ಜೋಡಿ ಅದನ್ನು ಕಿತ್ತುಕೊಂಡಿತು. 2013ರಲ್ಲಿ ಕೆನಡಾದ ನೆಲದಲ್ಲೇ ಮೆರಿಲ್-ಚಾರ್ಲಿ ಮತ್ತೆ ಗೆದ್ದರು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಇವರಿಗೆ 195.52 ಅಂಕ, ಕೆನಡಾ ಜೋಡಿಗೆ 190.99. ಈ ಆಟದಲ್ಲಿ ಅಮೆರಿಕದ ಮೊದಲ ಒಲಿಂಪಿಕ್ ಚಿನ್ನ ಅದು. ಆಮೇಲೆ ಮೆರಿಲ್-ಚಾರ್ಲಿ ಸ್ಪರ್ಧೆಗೆ ಇಳಿಯಲಿಲ್ಲ.

ಚಳಿಗಾಲದ ಒಲಿಂಪಿಕ್ಸ್ ಬಂದಾಗ ಚಂದದ ಉಡುಪಿನ ಒಂದು ಫೋಟೊ ಹಾಕಿ ಬಿಡಬೇಡಿ. ಅರ್ಧ ಕಾಲಂ ಆದರೂ ಕೊಡಿ. ಯಾವ ಜೋಡಿ ಎಷ್ಟು ವರ್ಷದಿಂದ ಒಟ್ಟಿಗಿದೆ, ಅಂಕ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ಬರೆಸಿ. ಕನ್ನಡದಲ್ಲಿ ಇದನ್ನು ಓದಲು ಕಾಯುವವರು ನಿಮ್ಮ ಓದುಗರಲ್ಲೇ ಇದ್ದಾರೆ.

ಇಂತಿ,
ನಿಮ್ಮ ಓದುಗ, ಮೈಸೂರು