ಕಿಟ್ಟದ ಬೆಳಕು

ಪ್ರೀತಿಯ ಹುಡುಗ,

ನಮ್ಮೂರಿನ ಬಗ್ಗೆ ನೀನು ಬರೆದು ಕಳಿಸಿದ ಬರಹ ಕೈಸೇರಿ ಮೂರು ವಾರವಾಯಿತು. ಹದಿನಾಲ್ಕು ಪುಟ. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡೇ ಕೂತೆ. ಮೇಡಂ ಅಂತ ಬರೆದಿದ್ದೀಯ. ಇಬ್ಬರೂ ಭದ್ರಾವತಿಯವರು, ದೊಡ್ಡಮ್ಮ ಅಂದರೆ ಸಾಕು. ಆಗ ನನಗೂ ಬೈಯೋಕೆ ಸಲೀಸು.

ಮೊದಲು ಒಂದು ತಪ್ಪು ತಿದ್ದಿಬಿಡುತ್ತೇನೆ. ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿದಿದ್ದರಿಂದ ನಮ್ಮೂರಿಗೆ ಬೆಂಕಿಪುರ ಅಂತ ಹೆಸರು ಬಂತು ಎಂದಿದ್ದೀಯ. ಓದೋಕೆ ಚೆನ್ನಾಗಿದೆ, ಆದರೆ ಉಲ್ಟಾ. ಬೆಂಕಿಪುರ ಹಳೇ ಹೆಸರು. ಕಬ್ಬಿಣ ಕರಗಲು ಶುರುವಾಗಿದ್ದು 1923ರಲ್ಲಿ. ಅಷ್ಟು ಹೊತ್ತಿಗೆ ಊರು ಬೆಂಕಿ ಬಿಟ್ಟು ನದಿಯ ಹೆಸರು ಹಿಡಿದಾಗಿತ್ತು. ನೀನು ಕಟ್ಟಿದ ಕತೆಗಿಂತ ಇದೇ ಚೆನ್ನಾಗಿಲ್ವಾ?

ಬೈಯುವ ಮುಂಚೆ ನನ್ನದೇ ಒಂದು ಕತೆ ಹೇಳಬೇಕು. ನಾನು ಮೊದಲ ಪ್ರಬಂಧ ಬರೆದಾಗ ಇಪ್ಪತ್ತಾರು ವರ್ಷ. ಒಂದು ವಾರಪತ್ರಿಕೆಯಲ್ಲಿ ಬಂತು. ಅದು ಶುರುವಾಗುತ್ತಿದ್ದುದು ಕೆಂಪು ಆಕಾಶದಿಂದ. ರಾತ್ರಿ ಊಟ ಮುಗಿಸಿ ನಾವು ಮಕ್ಕಳೆಲ್ಲ ಕ್ವಾಟ್ರಸ್ಸಿನ ಹಿಂದಿನ ಕಾಂಪೌಂಡ್ ಹತ್ತುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ಕಾರ್ಖಾನೆ ಕಡೆಯ ಆಕಾಶ ಕೆಂಪಾಗುತ್ತಿತ್ತು. ಮೋಡ ಇದ್ದರಂತೂ ಇನ್ನೂ ಜಾಸ್ತಿ. ಎದುರಿಗಿದ್ದವರ ಮುಖ ಕಾಣಿಸುವಷ್ಟು ಬೆಳಕು. ಆಮೇಲೆ ನಿಧಾನವಾಗಿ ಆರುತ್ತಿತ್ತು. ಕರಗಿದ ಕಬ್ಬಿಣ ಹೊಳೆಯಾಗಿ ಹರಿಯುವ ಬೆಳಕು ಅದು ಅಂತ ಬರೆದಿದ್ದೆ. ಎಲ್ಲರೂ ಹೊಗಳಿದರು. ನನಗೂ ಕೋಡು ಬಂದಿತ್ತು.

ಒಂದು ಸಂಜೆ ನಮ್ಮ ಸಾಲಿನ ಕೊನೇ ಮನೆಯವರು ಪತ್ರಿಕೆ ಮಡಚಿಕೊಂಡು ಬಂದರು. ರಿಟೈರ್ ಆಗಿದ್ದವರು. ಅಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವವರೆಗೂ ಏನೂ ಹೇಳಲಿಲ್ಲ. ಆಮೇಲೆ ಕೇಳಿದರು, "ಏನಮ್ಮಾ, ಕಬ್ಬಿಣಾನ ಯಾರಾದ್ರೂ ಬಯಲಿಗೆ ಸುರೀತಾರಾ? ಅದು ಕಿಟ್ಟ."

ಅದಿರಿನ ಜೊತೆ ಸುಣ್ಣದಕಲ್ಲು ಹಾಕಿ ಕರಗಿಸುತ್ತಾರೆ. ಅದಿರಿನಲ್ಲಿರುವ ಬೇಡದ ಮಣ್ಣು, ಕಲ್ಲು ಸುಣ್ಣದ ಜೊತೆ ಸೇರಿ ಕಿಟ್ಟವಾಗುತ್ತದೆ. ಕಬ್ಬಿಣ ಭಾರ, ತಳಕ್ಕೆ ಇಳಿಯುತ್ತದೆ. ಕಿಟ್ಟ ಹಗುರ, ಮೇಲೆ ತೇಲುತ್ತದೆ. ತೇಲಿದ್ದನ್ನು ಬೇರೆ ಬಾಯಿಯಿಂದ ಹೊರಕ್ಕೆ ಬಿಟ್ಟು, ಗಾಡಿಯಲ್ಲಿ ಒಯ್ದು ದೂರದಲ್ಲಿ ಬಗ್ಗಿಸುತ್ತಾರೆ. ನಾವು ಬಾಯಿ ಬಿಟ್ಟು ನೋಡುತ್ತಿದ್ದುದು ಕಾರ್ಖಾನೆ ಹೊರಗೆ ಸುರಿಯುವ ಕಸವನ್ನು! ಹದಿನೈದು ವರ್ಷ ಆ ಊರಲ್ಲಿ ಬೆಳೆದು ಒಬ್ಬರನ್ನೂ ಕೇಳಿರಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದರು, ಅವರನ್ನೂ ಕೇಳಿರಲಿಲ್ಲ.

ನಾಚಿಕೆಯಾಯಿತು. ಆದರೆ ನನ್ನನ್ನು ಬರಹಗಾರ್ತಿ ಮಾಡಿದ್ದು ಅವರು ಆಮೇಲೆ ಹೇಳಿದ ಮಾತು. ಗಾಡಿ ಬಗ್ಗಿಸುವ ಜಾಗದಲ್ಲಿ ಅವರು ಒಂಬತ್ತು ವರ್ಷ ಇದ್ದರಂತೆ. "ಆಕಾಶ ಕೆಂಪಾಗ್ತಿತ್ತು ಅಂತ ನೀನು ಬರೆದ ಮೇಲೇ ನಂಗೆ ಗೊತ್ತಾಗಿದ್ದು. ಹತ್ತಿರದಿಂದ ಅದು ಕೆಂಪಲ್ಲಮ್ಮ, ಬಿಳಿ. ನೋಡೋಕಾಗಲ್ಲ. ಮುಖ ಆ ಕಡೆ ತಿರುಗಿಸಿಕೊಳ್ತಿದ್ವಿ."

ನಾನು ಆ ಪ್ರಬಂಧ ಪೂರ್ತಿ ಹೊಸದಾಗಿ ಬರೆದೆ. ಕೆಂಪು ಆಕಾಶ ಹಾಗೇ ಉಳಿಯಿತು, ತೆಗೆಯಲಿಲ್ಲ. ಅದರ ಕೆಳಗೆ ಮುಖ ತಿರುಗಿಸಿಕೊಂಡ ಒಬ್ಬ ಮನುಷ್ಯ ಬಂದ, ಅಷ್ಟೇ.

ಈಗ ನಿನ್ನ ಪುಟಗಳು. "ಸೈರನ್ ನಮ್ಮೂರಿನ ಸುಪ್ರಭಾತ" ಅಂತಿದೆ. ಹೊಡೆದುಹಾಕಿದ್ದೇನೆ. ಅದು ಯಾರು ಬೇಕಾದರೂ ಬರೆಯುವ ಮಾತು. ನಿಮ್ಮ ಮನೆ ಒಳಗೆ ಸೈರನ್ ಏನು ಮಾಡುತ್ತಿತ್ತು, ಅದು ಬೇಕು. ನಮ್ಮ ಮನೆಯಲ್ಲಿ ಅದು ಅಪ್ಪನನ್ನು ಮೂರು ಮಾಡಿತ್ತು. ಫಸ್ಟ್ ಶಿಫ್ಟಿನ ಅಪ್ಪ ಸಂಜೆ ಸಿಗುತ್ತಿದ್ದರು, ಮಗ್ಗಿ ಒಪ್ಪಿಸಬೇಕಿತ್ತು. ಸೆಕೆಂಡ್ ಶಿಫ್ಟಿನ ಅಪ್ಪ ಬರೀ ಒಂದು ಜೊತೆ ಚಪ್ಪಲಿ. ನಾವು ಸ್ಕೂಲಿಂದ ಬರುವಷ್ಟರಲ್ಲಿ ಅವರು ಹೋಗಿರುತ್ತಿದ್ದರು, ಅವರು ಬರುವಷ್ಟರಲ್ಲಿ ನಮಗೆ ನಿದ್ದೆ. ಬೆಳಿಗ್ಗೆ ಬಾಗಿಲ ಹತ್ತಿರ ಚಪ್ಪಲಿ ಇದ್ದರೆ ಅಪ್ಪ ಬಂದಿದ್ದಾರೆ ಅಂತ ಅರ್ಥ. ನೈಟ್ ಶಿಫ್ಟಿನ ಅಪ್ಪ ಹಗಲು ಮಲಗುತ್ತಿದ್ದರು. ಆ ವಾರ ರೇಡಿಯೋ ಇಲ್ಲ, ಒರಳು ಇಲ್ಲ. ಅಮ್ಮ ಒಗ್ಗರಣೆ ಹಾಕಿದ ತಕ್ಷಣ ತಟ್ಟೆ ಮುಚ್ಚಿ ಸದ್ದು ಅಡಗಿಸುತ್ತಿದ್ದಳು. ನಾನು ಈಗಲೂ ಮಧ್ಯಾಹ್ನ ಮೆಲ್ಲಗೆ ಮಾತಾಡುತ್ತೇನೆ. ಮಲಗಿದವರು ಯಾರೂ ಇಲ್ಲ, ಆದರೂ.

ಇನ್ನೊಂದು. "ಎಲ್ಲ ಭಾಷೆಯವರೂ ಒಂದೇ ಕುಟುಂಬದಂತೆ ಬಾಳಿದರು." ನಿಜ ಹೇಳು, ನಿನ್ನ ಕುಟುಂಬ ಹಾಗೆ ಬಾಳಿತ್ತಾ? ನಮ್ಮ ಸಾಲಲ್ಲಿ ಹನ್ನೆರಡು ಮನೆ, ಐದು ಭಾಷೆ. ತಮಿಳು, ತೆಲುಗು, ಮಲಯಾಳ, ಉರ್ದು, ಕನ್ನಡ. ನಲ್ಲಿ ಮಾತ್ರ ಒಂದೇ. ಜಗಳ ಶುರುವಾಗುತ್ತಿದ್ದುದು ಅವರವರ ಭಾಷೆಯಲ್ಲಿ. ಜೋರಾದ ಮೇಲೆ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ಬೈಗುಳ ಎದುರಿಗಿದ್ದವರಿಗೆ ಅರ್ಥವಾಗಬೇಕಲ್ಲ! ಸಂಜೆ ಅದೇ ಹೆಂಗಸರು ಒಬ್ಬರಿಗೊಬ್ಬರು ಸಾರು ಕೊಟ್ಟುಕೊಳ್ಳುತ್ತಿದ್ದರು. ನೀನು ಸಾರು ಬರೆದಿದ್ದೀಯ, ಕೊಡ ಬಿಟ್ಟಿದ್ದೀಯ. ಕೊಡ ಇಲ್ಲದೆ ಸಾರಿಗೆ ರುಚಿ ಬರಲ್ಲ.

ದುಡ್ಡೂ ಇಲ್ಲ, ಗಮನಿಸಿದೆಯಾ? ಹದಿನಾಲ್ಕು ಪುಟದಲ್ಲಿ ಒಂದೇ ಒಂದು ರೂಪಾಯಿ ಇಲ್ಲ. ಬಟವಾಡೆ ದಿನ ನಮ್ಮಪ್ಪ ಕವರು ತಂದು ದೇವರ ಮುಂದೆ ಇಡುತ್ತಿದ್ದರು. ಅಮ್ಮ ಅದನ್ನು ಡಬ್ಬಿಗಳಿಗೆ ಹಂಚುತ್ತಿದ್ದಳು. ದಿನಸಿ, ಚೀಟಿ, ಬಟ್ಟೆ ಅಂಗಡಿಯ ಬಾಕಿ. ನಾವು ಮೈಸೂರುಪಾಕಿನ ಪೊಟ್ಟಣ ನೋಡುತ್ತಿದ್ದೆವು, ಅವಳು ಖಾಲಿಯಾಗುವ ಕವರು ನೋಡುತ್ತಿದ್ದಳು.

"ಮಲೆನಾಡಿನ ಮಡಿಲಲ್ಲಿ" ಅಂತ ನಾಲ್ಕು ಕಡೆ ಬಂದಿದೆ. ಮಡಿಲು ಸರಿ, ಆದರೆ ಕಾಡು ಸುಮ್ನೆ ನಿಂತು ಊರನ್ನು ನೋಡುತ್ತಿರಲಿಲ್ಲ. ಕುಲುಮೆ ಒಳಗೇ ಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಅದಿರು ಕೆಮ್ಮಣ್ಣುಗುಂಡಿ ಬೆಟ್ಟದಿಂದ ಬರುತ್ತಿತ್ತು, ಅದನ್ನು ಕರಗಿಸೋಕೆ ಮರವೇ ಗತಿ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊಗೆಯನ್ನೂ ಬಿಡದೆ ತಣಿಸಿ ಮೆಥನಾಲು, ಟಾರು ತೆಗೆಯುತ್ತಿದ್ದರು. ಇದು ನನ್ನ ಅಜ್ಜನ ಕಾಲದ ಮಾತು. ಹಸಿರು, ಮಂಜು, ಹಕ್ಕಿ ಎಲ್ಲ ಬರೆ. ಆ ಇದ್ದಿಲನ್ನೂ ಒಂದು ಸಾಲು ಬರೆ.

ನಿನ್ನದು ಕಾಗದದ ಮಿಲ್ಲಿನವರ ಪೇಪರ್ ಟೌನು, ನನ್ನದು ಕಬ್ಬಿಣದ ಕಾರ್ಖಾನೆಯವರ ನ್ಯೂ ಟೌನು. ಹಾಗಾಗಿ ಕಾಗದದ ವಿಷಯ ನೀನೇ ನನಗಿಂತ ಚೆನ್ನಾಗಿ ಬರೆಯಬೇಕಿತ್ತು. ಆ ವಾಸನೆಯನ್ನು "ದುರ್ವಾಸನೆ" ಅಂತ ಒಂದೇ ಪದದಲ್ಲಿ ಮುಗಿಸಿದ್ದೀಯಲ್ಲ ಮಾರಾಯ! ಬಿದಿರು, ಮರ ಬೇಯುವಾಗ ಏಳುವ ಆ ಕೊಳೆತ ಎಲೆಕೋಸಿನ ವಾಸನೆ ಬಂದ ನೆಂಟರಿಗೆ ಮಾತ್ರ ಹೊಡೆಯುತ್ತಿತ್ತು, ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ನೀನು ಮೊದಲ ಸಲ ಊರು ಬಿಟ್ಟು ವಾಪಸ್ ಬಂದಾಗ ಗೊತ್ತಾಯಿತಾ? ಗೊತ್ತಾಗಿದ್ದರೆ ಆ ದಿನವನ್ನು ಎರಡು ಪುಟ ಬರೆಯಬಹುದು. ಆವತ್ತೇ ನೀನು ಊರಿಗೆ ನೆಂಟನಾದದ್ದು. ಅಂದ ಹಾಗೆ, ನಮ್ಮೂರಲ್ಲಿ ಪತ್ರಿಕೆ ಕಾಗದ ತಯಾರಾಗಲು ಶುರುವಾಗಿದ್ದು 1981ರಲ್ಲಿ. ನನ್ನ ಪ್ರಬಂಧ ಬಂದದ್ದು ಅದಾಗಿ ಎರಡು ವರ್ಷಕ್ಕೆ. ನನ್ನ ತಪ್ಪು ಅಚ್ಚಾಗಿದ್ದು ನಮ್ಮೂರಿನ ಕಾಗದದ ಮೇಲೇ ಇರಬೇಕು ಅಂತ ನೆನೆಸಿಕೊಂಡು ಎಷ್ಟೋ ಸಲ ನಕ್ಕಿದ್ದೇನೆ.

ಕೊನೆಗೆ ನೀನು ಬೀಗ ಬಿದ್ದ ಗೇಟಿನ ಮುಂದೆ ನಿಂತು ಕಣ್ಣೀರಿಡುತ್ತೀಯ. ಪೇಪರ್ ಮಿಲ್ಲು 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಸುದ್ದಿ ಬಂದಾಗ ನಾನೂ ಆ ರಾತ್ರಿ ಮಲಗಲಿಲ್ಲ. ಆದರೂ ಆ ಪ್ಯಾರಾ ತೆಗೆ. ನಿನ್ನ ಕಣ್ಣೀರು ಅಡ್ಡ ಬಂದು ಗೇಟೇ ಕಾಣಿಸುತ್ತಿಲ್ಲ. ಗೇಟು ಯಾವ ಬಣ್ಣದ್ದು? ಎದುರಿನ ಟೀ ಅಂಗಡಿ ಇದೆಯಾ, ಎದ್ದುಹೋಯಿತಾ? ಇದ್ದರೆ ಈಗ ಯಾರು ಬಂದು ಕುಡಿಯುತ್ತಾರೆ?

ಮತ್ತೆ, ನಿನ್ನ ತಾತ ಮೂವತ್ತೆರಡು ವರ್ಷ ಮಿಲ್ಲಲ್ಲಿ ದುಡಿದರು ಅಂತ ಮೊದಲ ಪುಟದಲ್ಲೇ ಬರೆದಿದ್ದೀಯ. ಯಾವ ಡಿಪಾರ್ಟ್‌ಮೆಂಟು ಅಂತ ಕೊನೇ ಪುಟದವರೆಗೂ ಹುಡುಕಿದೆ, ಎಲ್ಲೂ ಇಲ್ಲ. ಅವರು ಇನ್ನೂ ಇದ್ದಾರಲ್ಲ? ಫೋನಲ್ಲಿ ಮಾತು ಸರಿಯಾಗಿ ಕೇಳಿಸಲ್ಲ ಅಂತಲೂ ನೀನೇ ಬರೆದಿದ್ದೀಯ. ಹಾಗಾದರೆ ಶನಿವಾರ ರಾತ್ರಿ ಬಸ್ಸು ಹತ್ತು. ಪಕ್ಕದಲ್ಲಿ ಕೂತು ಕೇಳು. ಕಾಫಿ ಮುಗಿಯುವವರೆಗೂ ಅವರು ಏನೂ ಹೇಳದಿದ್ದರೆ ಗಡಿಬಿಡಿ ಮಾಡಬೇಡ.

ನಿನ್ನ ದೊಡ್ಡಮ್ಮ